ಡಾಂಬರಿನ ಮೇಲಿನ ರಾಶಿ

ಎಳ್ಳಮವಾಸ್ಯೆಯ ಮರುದಿನ ಬೆಳಿಗ್ಗೆ, ಇಂಗಳೇಶ್ವರದ ಕಡೆಯಿಂದ ನಮ್ಮೂರು ಬಸವನ ಬಾಗೇವಾಡಿಗೆ ಬರುವ ರಸ್ತೆಯ ಇಳುಕಲಿನಲ್ಲಿ, ಡಾಂಬರಿನ ಮೇಲೆ ಹರವಿದ್ದ ತೊಗರಿಯ ಮೇಲೆ ನನ್ನ ಸೈಕಲ್ ಜಾರಿತು. ಬಲಗಡೆಯ ಕೊರಳೆಲುಬು ಮುರಿಯಿತು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ತೊಗರಿ ನಮ್ಮ ಹೊಲದ್ದು. ಹರವಿದವರು ಅಪ್ಪ ಮತ್ತು ಅಪ್ಪನ ಅವ್ವ, ಅಂದರೆ ನನ್ನ ಆಯಿ.

ಈ ಭಾಗದವರಿಗೆ ಇದನ್ನು ವಿವರಿಸಬೇಕಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ. ತೊಗರಿ ಕೊಯ್ದು ಒಣಗಿಸಿದ ಮೇಲೆ ಕಾಯಿ ಒಡೆದು ಕಾಳು ಬಿಡಿಸಬೇಕು. ಅದಕ್ಕೆ ರಾಶಿ ಮಾಡುವುದು ಎನ್ನುತ್ತೇವೆ. ಹಿಂದೆ ಹೊಲದಲ್ಲಿ ಕಣ ಮಾಡಿ, ನೆಲ ಸಾರಿಸಿ, ಎತ್ತು ತುಳಿಸಿ ಈ ಕೆಲಸ ಮಾಡುತ್ತಿದ್ದರು. ಡಾಂಬರು ರಸ್ತೆ ಬಂದ ಮೇಲೆ ರಸ್ತೆಯೇ ಕಣವಾಯಿತು. ಬೆಳಗಾಗುವ ಹೊತ್ತಿಗೆ ಗಿಡಗಳನ್ನು ರಸ್ತೆಯ ಅಗಲಕ್ಕೆ ಹರವಿಟ್ಟರೆ ಬಸ್ಸು, ಲಾರಿ, ಟ್ರ್ಯಾಕ್ಟರುಗಳ ಗಾಲಿಗಳು ಬಡಿಗೆಯ ಕೆಲಸ ಮಾಡುತ್ತವೆ. ಮಧ್ಯಾಹ್ನಕ್ಕೆ ಕಟ್ಟಿಗೆಯನ್ನು ಒಂದು ಕಡೆ, ಹೊಟ್ಟನ್ನು ಒಂದು ಕಡೆ ತೆಗೆದು ಕಾಳು ತೂರಿದರಾಯಿತು. ಇದನ್ನು ತಪ್ಪು ಎಂದು ಯಾರೂ ತಿಳಿದಿರಲಿಲ್ಲ. ನಮ್ಮ ಹೊಲ ಇಳುಕಲಿನ ಬುಡದಲ್ಲಿ, ಹಳ್ಳದ ಸಣ್ಣ ಸೇತುವೆಯ ಪಕ್ಕದಲ್ಲಿತ್ತು. ಮೇಲಿನಿಂದ ಬರುವ ರಸ್ತೆ ಒಂದು ಬನ್ನಿ ಗಿಡದ ಹತ್ತಿರ ತಿರುಗುತ್ತಿತ್ತು. ತಿರುವು ದಾಟಿದ ಮೇಲೆ ಗಾಡಿಗಳು ರಭಸವಾಗಿ ಇಳಿಯುತ್ತವೆ, ಕಾಯಿ ಚೆನ್ನಾಗಿ ಒಡೆಯುತ್ತವೆ ಎಂಬುದು ಆಯಿಯ ಲೆಕ್ಕ. ಅವಳು ಆರಿಸಿದ್ದು ಆ ಜಾಗವನ್ನೇ.

ನಾನು ಆ ದಿನ ಆ ರಸ್ತೆಯಲ್ಲಿ ಇರಬಾರದಿತ್ತು. ಹಬ್ಬದ ದಿನ ಇಡೀ ಮನೆ ಹೊಲಕ್ಕೆ ಹೋಗಿ, ಬೆಳೆಗೆ ಎಡೆಯಾಗಿ ಚರಗ ಚೆಲ್ಲಿ, ಸಜ್ಜಿ ಕಡಬು, ಶೇಂಗಾ ಹೋಳಿಗೆ ಉಂಡು ಬಂದಿತ್ತು. ಶಾಲೆಯ ಪಿ.ಟಿ. ಸರ್ ಮರುದಿನದ ಅಭ್ಯಾಸಕ್ಕೆ ರಜೆ ಕೊಟ್ಟಿದ್ದರು. ಹಾಗಾಗಿ ಆಯಿ ಮತ್ತು ಅಪ್ಪ ನಸುಕಿನಲ್ಲಿ ಬಂಡಿ ಹೂಡಿಕೊಂಡು ಹೊರಟಾಗ ನಾನು ಮಲಗಿದ್ದೆ. ಮಲಗಿಯೇ ಇರುತ್ತೇನೆ ಎಂದು ಅವರು ತಿಳಿದಿದ್ದರು. ಅವರು ಹೋದ ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಮುಮ್ತಾಜ್ ಬಂದಳು. ಅವಳ ತಂದೆ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ವ್ಯಾಪಾರಿ. ನಮ್ಮ ಎರಡು ಮನೆಗಳ ನಡುವೆ ಒಂದೇ ಗೋಡೆ. ಊರಿನಲ್ಲಿ ಸೈಕಲ್ ರೇಸಿಗೆ ಇಳಿದಿದ್ದ ಹುಡುಗಿಯರು ನಾವಿಬ್ಬರೇ. ಬಾಗಿಲಲ್ಲಿ ನಿಂತು ಗಂಟೆ ಬಾರಿಸಿದಳು.

"ನಿಮ್ಮ ಮನಿ ಹೋಳಿಗಿ ನಾನೂ ತಿಂದೇನಿ ಸುವರ್ಣಿ. ನಾ ಎದ್ದೇನಿ. ನೀ ಎತ್ತಿನಂಗ ಬಿದ್ಕೊಂಡೀ."

"ಸರ್ ಸೂಟಿ ಕೊಟ್ಟಾರಲ್ಲ?"

"ಸಿಂದಗ್ಯಾಗ ಓಡೂದು ಸರ್ ಅಲ್ಲ, ನಾವು. ದೌಡ ಬಾ."

ಸಿಂದಗಿಯಲ್ಲಿ ಸಂಕ್ರಾಂತಿಯ ನಂತರ ಕ್ರೀಡಾ ವಸತಿ ನಿಲಯಕ್ಕೆ ಆಯ್ಕೆ ಇತ್ತು. ಆಯ್ಕೆಯಾದವರಿಗೆ ಆಗಿನ್ನೂ ಬಿಜಾಪುರ ಎನ್ನುತ್ತಿದ್ದ ಊರಿನಲ್ಲಿ ಊಟ, ವಸತಿ, ಓದು ಮತ್ತು ಗೇರ್ ಸೈಕಲ್. ಮುಮ್ತಾಜಳ ತಂದೆ ಮಗಳನ್ನು ಒಬ್ಬಳನ್ನೇ ಕಳಿಸುವುದಿಲ್ಲ, ಸುವರ್ಣಾ ಹೋದರೆ ಮಾತ್ರ ಹೋಗಲಿ ಎಂದು ಹೇಳಿದ್ದರು. ಆದ್ದರಿಂದ ನಮ್ಮಲ್ಲಿ ಒಬ್ಬಳು ಬಿದ್ದರೆ ಇಬ್ಬರೂ ಬಿದ್ದಂತೆ.

ಆ ಬೆಳಿಗ್ಗೆ ಬೇರೆ ದಾರಿಯಿಂದ ಸುತ್ತಿ ಹೋಗಿ ಇಂಗಳೇಶ್ವರದ ಕಡೆಯಿಂದ ಇಳಿದೆವು. ಬಿದ್ದ ಕ್ಷಣ ನನ್ನ ನೆನಪಿನಲ್ಲಿಲ್ಲ. ಮುಂದೆ ಪತ್ರಿಕೆಯಲ್ಲಿ ಕೆಲಸ ಮಾಡುವಾಗ ಅಪಘಾತದ ಸುದ್ದಿ ಬರೆಯಲು ಇಬ್ಬರ ಹೇಳಿಕೆಯನ್ನಾದರೂ ಪಡೆಯಬೇಕೆಂದು ಕಲಿತೆ. ನನ್ನ ವಿಷಯದಲ್ಲೂ ನನ್ನ ಬಳಿ ಇರುವುದು ಇಬ್ಬರ ಹೇಳಿಕೆ ಮಾತ್ರ. ಅಪ್ಪ ಹೇಳಿದ್ದು: ಮೇಲಿನ ತಿರುವಿನಲ್ಲಿ ಸೈಕಲ್ ಕಾಣಿಸಿತು, ಯಾರೆಂದು ತಿಳಿಯುವಷ್ಟರಲ್ಲಿ ಆಯಿ ಗುರುತಿಸಿದಳು, ರಸ್ತೆಯ ನಡುವೆ ಬಂದು ಎರಡೂ ಕೈ ಎತ್ತಿ ಕೂಗಿದಳು. ಮುಮ್ತಾಜ್ ನನ್ನ ಹಿಂದೆ ಇದ್ದಳು. ಅದೇ ತೊಗರಿಯ ಮೇಲೆ ಅವಳ ಸೈಕಲ್ಲೂ ಹೋಯಿತು, ಆದರೆ ಅವಳು ಬೀಳಲಿಲ್ಲ.

"ನಿಮ್ಮ ಆಯಿ ನಿಂದ್ರ ಅಂತ ಒದರಿದ್ಲು. ನೀ ಬ್ರೇಕ್ ಹಿಡದಿ. ನಾ ಹಿಡೀಲಿಲ್ಲ. ಅಷ್ಟಽ ನೋಡು."

ನನಗೆ ಉಳಿದಿದ್ದು ಕಿವಿಯ ನೆನಪು. ಒಣಗಿದ ಕಾಯಿಗಳು ಗಾಲಿಯ ಕೆಳಗೆ ಚಟಚಟ ಒಡೆಯುವ ಸದ್ದು, ಅದರ ಮೇಲೆ ಆಯಿಯ ದನಿ, "ನಿಂದ್ರಽ!" ಆಮೇಲೆ ಏನೂ ಇಲ್ಲ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ಎಡಕ್ಕೆ ಎತ್ತುಗಳು, ಬಲಕ್ಕೆ ಮೆಟ್ಟಿಲೇರಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಅದಕ್ಕೂ ಹಿಂದೆ ಹಗಲಲ್ಲೂ ದೀಪ ಬೇಕಾಗುವ ಕಾಳಿನ ಕೋಣೆ. ಪಡಸಾಲೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಅದರಿಂದ ಇಳಿದ ಬಿಸಿಲು ಬೆಳಗಿನಲ್ಲಿ ಗೋಡೆಯ ಮೇಲೆ, ಮಧ್ಯಾಹ್ನ ನೆಲದ ಮೇಲೆ, ಸಂಜೆ ಎದುರಿನ ಗೋಡೆಯ ಮೇಲೆ ಇರುತ್ತಿತ್ತು. ದವಾಖಾನೆಯಲ್ಲಿ ಎರಡೂ ಹೆಗಲನ್ನು ಹಿಂದಕ್ಕೆ ಎಳೆದು ಪಟ್ಟಿ ಕಟ್ಟಿ ಕಳಿಸಿದ ಮೇಲೆ ನನ್ನನ್ನು ಅದರ ಕೆಳಗೆ ಮಲಗಿಸಿದರು. ಆ ಬಿಸಿಲಿನ ಪ್ರಯಾಣ ಬಿಟ್ಟರೆ ನೋಡಲು ನನಗೆ ಎರಡು ವಸ್ತುಗಳಿದ್ದವು. ಒಂದು ಸೈಕಲ್. ಅಪ್ಪ ಅದನ್ನು ಬಂಡಿಯಲ್ಲಿ ತಂದು ಎತ್ತುಗಳ ಪಕ್ಕದ ಗೋಡೆಗೆ ಒರಗಿಸಿದ್ದ. ಮುಂದಿನ ಗಾಲಿ ಸೊಟ್ಟಗಾಗಿತ್ತು, ಬ್ರೇಕಿನ ರಬ್ಬರಿನಲ್ಲಿ ಒಂದು ತೊಗರಿ ಕಾಯಿ ಸಿಕ್ಕಿಕೊಂಡೇ ಇತ್ತು. ಎಡಗಡೆಯ ಎತ್ತು ಸೀಟಿನ ಮೇಲಿನ ಬೆವರಿನ ಉಪ್ಪಿಗಾಗಿ ಅದನ್ನು ನೆಕ್ಕುತ್ತಿತ್ತು. ಇನ್ನೊಂದು ತೊಗರಿ ಚೀಲ. ಆ ದಿನದ ರಾಶಿಯನ್ನು ಅಪ್ಪ ಅರ್ಧಕ್ಕೆ ಬಿಟ್ಟು ಬಂದಿದ್ದ. ಮರುದಿನ ಹೋಗಿ ತೂರಿ, ಸಿಕ್ಕಷ್ಟು ತುಂಬಿ ತಂದ. ಕಾಳಿನ ಕೋಣೆಗೆ ಒಯ್ಯುವ ಮೊದಲು ಪಡಸಾಲೆಯಲ್ಲಿ, ನನ್ನ ತಲೆಯ ಹತ್ತಿರ ಇಳಿಸಿದ. ಅಲ್ಲಿಂದ ಅದನ್ನು ಯಾರೂ ಎತ್ತಲಿಲ್ಲ. ಎತ್ತಿಡಿ ಎಂದು ಹೇಳಿದರೆ ಅದು ಯಾವ ತೊಗರಿ ಎಂದು ಹೇಳಬೇಕಾಗುತ್ತಿತ್ತು. ದಿನ ಕಳೆದಂತೆ ಚೀಲದೊಳಗೆ ನುಸಿ ಹುಟ್ಟಿತು. ಮನೆ ಮೌನವಾಗಿದ್ದ ಮಧ್ಯಾಹ್ನಗಳಲ್ಲಿ ಕಿವಿಗೊಟ್ಟರೆ ಒಳಗೆ ಏನೋ ಅತಿ ಸಣ್ಣಗೆ ಕೊರೆಯುವುದು ಕೇಳಿಸುತ್ತಿತ್ತು.

ಆಯಿ ಮಾತು ಬಿಡಲಿಲ್ಲ. ಬೆಳಿಗ್ಗೆ ಹಾಲು ಅರಿಶಿಣ ಕೊಡುತ್ತಿದ್ದಳು, ತಲೆ ಬಾಚುತ್ತಿದ್ದಳು, ಓಣಿಯ ಸುದ್ದಿ ಹೇಳುತ್ತಿದ್ದಳು. ಆದರೆ ದನಿ ಏರಿಸುವುದನ್ನು ಬಿಟ್ಟಳು. ಮೊದಲು ಹಿತ್ತಲಿನಿಂದ ಕೂಗಿದರೆ ಮಸೀದಿಯ ಮೂಲೆಯವರೆಗೆ ಕೇಳಿಸುತ್ತಿದ್ದ ಹೆಂಗಸು. ಈಗ ಅಪ್ಪನನ್ನು ಊಟಕ್ಕೆ ಕರೆಯಬೇಕಾದರೆ ಎದ್ದು ಹೋಗಿ ಅವನ ಮುಂದೆ ನಿಲ್ಲುತ್ತಿದ್ದಳು. ಎತ್ತು ಹಗ್ಗ ಬಿಚ್ಚಿಕೊಂಡಾಗಲೂ ಕೂಗದೆ ಓಡಿದಳು.

ಮನೆಯಲ್ಲಿ ಆ ಬೆಳಗಿನ ಬಗ್ಗೆ ಮಾತು ಬಂದಿದ್ದು ಒಮ್ಮೆ. ಶಿವರಾತ್ರಿಗೆ ಮೊದಲು ನನ್ನ ಅವ್ವ ಹೇಳದೆ ಕೇಳದೆ ಆ ಚೀಲ ಬಿಚ್ಚಿ, ಕಾಳು ಬೀಸಿ, ಬೇಳೆ ಮಾಡಿ ಬೇಯಿಸಿದಳು. ನಾವೆಲ್ಲ ಅಡುಗೆಮನೆಯಲ್ಲಿ ಸಾಲಾಗಿ ಕುಳಿತಿದ್ದೆವು. ನನಗೆ ಎಡಗೈಯಲ್ಲಿ ರೊಟ್ಟಿ ಮುರಿಯುವುದು ರೂಢಿಯಾಗಿತ್ತು. ಅವ್ವ ಆಯಿಯ ತಟ್ಟೆಗೆ ಬೇಳೆ ಹಾಕಿದಳು.

"ಯಾವ ಬ್ಯಾಳಿ ಇದು?" ಆಯಿ ಕೇಳಿದಳು.

"ಮನಿ ಬ್ಯಾಳಿರಿ."

"ಆ ಚೀಲದ್ದೇನು?"

"ಮತ್ಯಾವ ಚೀಲ ಐತ್ರಿ ಮನ್ಯಾಗ? ನುಸಿ ತಿನ್ನೂದಕ್ಕಿಂತ ಮಂದಿ ತಿನ್ಲಿ ಅಂದ್ನಿ."

ಆಯಿ ತಟ್ಟೆಯನ್ನು ಮುಂದಕ್ಕೆ ಸರಿಸಿದಳು. ಅವ್ವನ ಕೈಯಲ್ಲಿ ಸೌಟು ಹಾಗೇ ಇತ್ತು.

"ನೀವು ಉಣ್ಣದಿದ್ರ ಕೂಸಿನ ಎಲುಬು ದೌಡ ಕೂಡ್ತೈತೇನ್ರಿ ಅತ್ತಿ? ಹರವೂವಾಗ ಇರಬೇಕಿತ್ತು ಈ ಮರುಗು."

"ಏ, ಸಾಕ್ ಮಾಡು," ಎಂದ ಅಪ್ಪ.

"ಅನ್ಲಿ ಬಿಡೋ," ಎಂದಳು ಆಯಿ. "ಆಕಿ ಅನ್ನೂದ್ರಾಗ ಏನ್ ತಪ್ಪೈತಿ? ಹರವಿದಾಕಿ ನಾನಽ. ಒದರಿದಾಕೀನೂ ನಾನಽ."

ಆಮೇಲೆ ಎಲ್ಲರೂ ಉಂಡರು. ಆಯಿ ರೊಟ್ಟಿಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಚ್ಚಿಕೊಂಡಳು. ನಾನು ಬೇಳೆ ಉಂಡೆ. ಹಸಿವಾಗಿತ್ತು, ರುಚಿಯಾಗಿತ್ತು. ಆಯಿ ಉಣ್ಣದಿದ್ದುದಕ್ಕಿಂತ ನಾನು ಉಂಡಿದ್ದು ನನ್ನ ಜೊತೆ ಬಹಳ ವರ್ಷ ಉಳಿಯಿತು.

ಪಟ್ಟಿ ಬಿಚ್ಚಿದ ಮೇಲೆ, ಹೋಳಿಯ ಹೊತ್ತಿಗೆ ಸೈಕಲ್ ಹತ್ತಿದೆ. ಅಪ್ಪ ಗಾಲಿ ನೆಟ್ಟಗೆ ಮಾಡಿಸಿ ತಂದಿದ್ದ. ಕಾಲುಗಳಿಗೆ ಎಲ್ಲ ನೆನಪಿತ್ತು. ಕೈಗಳಿಗೆ ಬೇರೆ ಏನೋ ನೆನಪಿತ್ತು. ಸಮತಟ್ಟಾದ ರಸ್ತೆಯಲ್ಲಿ ಒಬ್ಬಳೇ ಹೋಗಬಲ್ಲೆ. ರಸ್ತೆ ಸ್ವಲ್ಪ ತಗ್ಗಿದರೂ ಬೆರಳುಗಳು ತಾವಾಗಿಯೇ ಬ್ರೇಕನ್ನು ಒತ್ತುತ್ತಿದ್ದವು. ರಸ್ತೆಯ ಮೇಲೆ ಗಿಡದ ನೆರಳು ಬಿದ್ದಿದ್ದರೆ ಅದು ಹರವಿದ ರಾಶಿಯಂತೆ ಕಾಣುತ್ತಿತ್ತು. ನೆರಳೆಂದು ನನಗೆ ಗೊತ್ತಿತ್ತು, ಕೈಗಳಿಗೆ ಗೊತ್ತಾಗುತ್ತಿರಲಿಲ್ಲ. ಪ್ರತಿ ಸಲ, ಕೈ ಬಿಗಿಯುವ ಮುಂಚೆ, "ನಿಂದ್ರಽ" ಎಂಬ ದನಿ ಬರುತ್ತಿತ್ತು. ಅದು ನೆನಪು ಎಂದು ನನಗೆ ಅನ್ನಿಸುತ್ತಿರಲಿಲ್ಲ. ಬೆನ್ನ ಹಿಂದಿನಿಂದ, ಹೊರಗಿನಿಂದ ಬಂದಂತೆ ಕೇಳುತ್ತಿತ್ತು. ಒಂದೆರಡು ಸಲ ತಿರುಗಿ ನೋಡಿದ್ದೇನೆ.

ರೇಸಿನಲ್ಲಿ ಮುಂದಿನ ಸೈಕಲ್ಲಿನ ಹಿಂದೆ ಅಂಟಿಕೊಂಡು ಹೋಗುವುದೇ ಮುಖ್ಯ ವಿದ್ಯೆ. ಮುಂದಿನವಳು ಗಾಳಿಯನ್ನು ಸೀಳುತ್ತಾಳೆ, ಹಿಂದಿನವಳಿಗೆ ಶ್ರಮ ಕಡಿಮೆ. ನಡುವೆ ಒಂದು ಗೇಣು ಜಾಗ ಸಾಕು. ಅಷ್ಟು ಹತ್ತಿರ ಹೋಗಲು ಬ್ರೇಕನ್ನು ಮರೆಯಬೇಕು. ನನಗೆ ಆ ವಿದ್ಯೆ ಪೂರ್ತಿ ಹೋಗಿಬಿಟ್ಟಿತ್ತು. ಮುಮ್ತಾಜ್ ನನ್ನನ್ನು ಆಲಮಟ್ಟಿ ಕಡೆಯ ಕಾಲುವೆ ರಸ್ತೆಗೆ ಕರೆದೊಯ್ದು ತನ್ನ ಹಿಂದೆ ಬರಲು ಹೇಳುತ್ತಿದ್ದಳು. ತಿರುಗಿ ನೋಡಿದರೆ ನಾನು ಬಹಳ ಹಿಂದೆ ಇರುತ್ತಿದ್ದೆ.

"ನನ್ನ ಹಿಂದ ಬಾ ಅಂದ್ರ ಯಾವಾಗರೆ ಊರಿಗೆ ಬಾ ಅಂದಂಗ ಬರ್ತಿಯಲ್ಲ. ಸನೇಕ ಬಾರಽ."

"ಬರಾಕತ್ತೇನಿ."

"ಬರಾಕತ್ತಿ. ನಮ್ಮಪ್ಪನ ಉಳ್ಳಾಗಡ್ಡಿ ಲಾರೀನೂ ಹಿಂಗಽ ಬರ್ತೈತಿ, ಮೂರು ದಿನಕ್ಕ."

ಇಂಗಳೇಶ್ವರದ ಇಳುಕಲಿನಲ್ಲಿ ನಾನು ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ನಡೆಯುತ್ತಿದ್ದೆ. ಬಸ್ಸಿನ ಚಾಲಕರು ನಿಲ್ಲಿಸಿ, ಪಂಕ್ಚರ್ ಆಗೈತೇನ್ ತಂಗಿ ಎಂದು ಕೇಳುತ್ತಿದ್ದರು. ಹೌದ್ರಿ ಎನ್ನುತ್ತಿದ್ದೆ. ಕೊನೆಗೆ ಆ ರಸ್ತೆಗೆ ಹೋಗುವುದನ್ನೇ ಬಿಟ್ಟೆ.

ಮಳೆಗಾಲ ಮುಗಿಯುವಾಗ ಮುದ್ದೇಬಿಹಾಳದಲ್ಲಿ ಒಂದು ಸ್ಪರ್ಧೆ ನಡೆಯಿತು. ಪಿ.ಟಿ. ಸರ್ ಹೆಸರು ಕೊಟ್ಟರು. ಮೊದಲ ತಗ್ಗಿನಲ್ಲಿಯೇ ಗುಂಪು ನನ್ನನ್ನು ಬಿಟ್ಟು ಹೋಯಿತು. ಉಳಿದ ದಾರಿಯುದ್ದಕ್ಕೂ ನನ್ನ ಹಿಂದೆ ಇದ್ದದ್ದು ಸಂಘಟಕರ ಜೀಪು ಮಾತ್ರ. ಅದರ ಚಾಲಕ ಕಿಟಕಿಯಿಂದ ತಲೆ ಹೊರಹಾಕಿದ.

"ತಂಗಿ, ಸೈಕಲ್ ಜೀಪಿನ್ಯಾಗ ಹಾಕು. ನಮಗೂ ಊಟಕ್ಕ ಹೊತ್ತಾಗತೈತಿ."

ಹಾಕಲಿಲ್ಲ. ನಾನು ಮುಗಿಸುವ ಹೊತ್ತಿಗೆ ಶಾಮಿಯಾನ ಬಿಚ್ಚುತ್ತಿದ್ದರು. ಅಪ್ಪ ಒಬ್ಬನೇ ಸುಣ್ಣದ ಗೆರೆಯ ಹತ್ತಿರ ನಿಂತಿದ್ದ. ಸೈಕಲ್ಲನ್ನು ಬಸ್ಸಿನ ಮೇಲೆ ಏರಿಸಿ ಕಟ್ಟಿ, ಚುರುಮುರಿ ಕೊಡಿಸಿ, ಊರು ಬರುವವರೆಗೆ ಕಿಟಕಿಯ ಹೊರಗೆ ನೋಡುತ್ತ ಕುಳಿತ. ಇಳಿಯುವಾಗ ಒಂದು ಮಾತು ಹೇಳಿದ.

"ಬ್ಯಾಡಾಗಿದ್ರ ಬಿಡು. ಯಾರೂ ಏನೂ ಅನ್ನಾಂಗಿಲ್ಲ."

ಯಾರೂ ಏನೂ ಅನ್ನಲಿಲ್ಲ, ಅದು ನಿಜ. ಸಿಂದಗಿಯ ಆಯ್ಕೆ ಸಂಕ್ರಾಂತಿಯ ನಂತರ ಮತ್ತೆ ಬರುವುದಿತ್ತು. ಆಮೇಲೆ ನಮಗಿಬ್ಬರಿಗೂ ವಯಸ್ಸು ಮೀರುತ್ತಿತ್ತು. ಅದು ಎಲ್ಲರಿಗೂ ಗೊತ್ತಿತ್ತು. ಜೀಪಿನ ಸುದ್ದಿಯನ್ನು ಮುಮ್ತಾಜ್ ಆಯಿಗೆ ಹೇಳಿದಳು, ನಗಿಸಲೆಂದು. ಆಯಿ ನಗಲಿಲ್ಲ.

ಮರುದಿನ ಶಾಲೆಯಿಂದ ಬಂದಾಗ ಆಯಿ ಮಾಳಿಗೆಯ ಮೇಲೆ ಒಲೆಗೆಂದು ಒಟ್ಟಿದ್ದ ತೊಗರಿ ಕಟ್ಟಿಗೆಯನ್ನು ಕೆಳಗೆ ಹಾಕಿ, ಮನೆಯ ಮುಂದಿನ ಓಣಿಯಲ್ಲಿ ಅಗಲಕ್ಕೆ ಹರವುತ್ತಿದ್ದಳು. ಅದರ ಮೇಲೆ ಆಡಿಗೆ ಹಾಕುವ ಹೊಟ್ಟನ್ನು ಚೆಲ್ಲಿದಳು. ಎದುರು ಮನೆಯ ಹೆಂಗಸು ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದಳು.

"ಏನ್ ಆಯಿ, ಓಣ್ಯಾಗ ರಾಶಿ ಮಾಡಾಕತ್ತೀರಿ?"

"ಹೌದು. ನಿನಗೂ ಒಂದು ಪಾಲು ಬೇಕೇನು?"

ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, "ಸೈಕಲ್ ತಾ" ಎಂದಳು.

ಮೊದಲ ಸಲ ಹೊಟ್ಟಿನ ಅಂಚಿಗೆ ಬರುತ್ತಲೇ ಬ್ರೇಕ್ ಹಿಡಿದೆ, ಸೈಕಲ್ ಹೊರಳಿತು, ಎಡಕ್ಕೆ ಬಿದ್ದೆ. ಸದ್ದಿಗೆ ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನೆಲದ ಮೇಲೆ ನಾನು, ಸುತ್ತ ತೊಗರಿ ಕಟ್ಟಿಗೆ, ಪಕ್ಕದಲ್ಲಿ ಆಯಿ. ಈಗ ಜಗಳ ಹತ್ತುತ್ತದೆ ಎಂದು ಎದುರು ಮನೆಯವಳು ಕಟ್ಟೆಯಿಂದ ಇಳಿದೇಬಿಟ್ಟಳು. ಅವ್ವ ಬಗ್ಗಿ ಸೈಕಲ್ ಎತ್ತಿದಳು.

"ಹಿಂದ ಯಾರರೆ ಹಿಡೀಬೇಕಲ್ಲ," ಎಂದಳು ಅವ್ವ. "ನಿಮಗ ಓಡಾಕ ಆಗ್ತೈತೇನ್ರಿ ಅತ್ತಿ? ಸರೀರಿ. ಏ, ಹತ್ತು."

ಅವ್ವ ಸೀಟು ಹಿಡಿದು ನನ್ನ ಹಿಂದೆ ಓಡಿದಳು. ಸೈಕಲ್ ಓಡಿಸುವುದನ್ನು ಮೊದಲಿನಿಂದಲೂ ವಿರೋಧಿಸುತ್ತ ಬಂದವಳು ಅವಳು. ಆ ಸಂಜೆ ಮನಸ್ಸು ಯಾಕೆ ಬದಲಾಯಿತು ಎಂದು ನಾನು ಕೇಳಲಿಲ್ಲ. ಸೀಟಿನ ಮೇಲೆ ಬಿಳಿಜೋಳದ ಹಿಟ್ಟಿನ ಬೆರಳುಗುರುತು ಮೂಡಿತ್ತು. ಎತ್ತು ಅದನ್ನೂ ನೆಕ್ಕಿತು.

ಮುಂದಿನ ಸಂಜೆಗಳಲ್ಲಿ ಇದೇ ನಡೆಯಿತು. ಓಣಿಯವರು ಸರ್ಕಸ್ ನೋಡುವಂತೆ ಕುಳಿತರು, ಆಮೇಲೆ ಬೇಸರಗೊಂಡು ಎದ್ದು ಹೋದರು. ನಾನು ಬ್ರೇಕ್ ಹಿಡಿಯುವುದು ನಿಲ್ಲಲಿಲ್ಲ. ಒಂದು ದಿನ ಮುಮ್ತಾಜ್ ಪಾನಾ ತಂದು, ನನ್ನನ್ನು ಕೇಳದೆ ಎರಡೂ ಗಾಲಿಗಳ ಬ್ರೇಕಿನ ರಬ್ಬರನ್ನು ಬಿಚ್ಚಿ ತನ್ನ ಜೇಬಿಗೆ ಹಾಕಿಕೊಂಡಳು.

"ಈಗ ಹಿಡಿ. ಎಷ್ಟು ಹಿಡೀತಿ ಹಿಡಿ."

ಹಿಡಿದೆ. ಏನೂ ಆಗಲಿಲ್ಲ. ಸೈಕಲ್ ಹೊಟ್ಟಿನ ಮೇಲೆ ಚಟಚಟ ಸದ್ದು ಮಾಡುತ್ತ ಸಾಗಿ, ಆಚೆ ಕಡೆಯ ಮಣ್ಣಿಗೆ ಮುಟ್ಟಿತು. ಕಾಲೂರಿ ನಿಲ್ಲಿಸಿದೆ. ಮತ್ತೆ ತಿರುಗಿ ಬಂದೆ. ಸಡಿಲು ಕೈ, ದೂರದ ಕಣ್ಣು, ಸುಮ್ಮನಿರುವ ಮೈ. ಮೊದಲು ಕಲಿಯದೆಯೇ ಬಂದಿದ್ದನ್ನು ಈಗ ಒಂದೊಂದಾಗಿ ಕಲಿಯಬೇಕಾಯಿತು. ದೀಪಾವಳಿಯ ಹೊತ್ತಿಗೆ ರಬ್ಬರ್ ಮರಳಿ ಹಾಕಿದೆವು. ಕಾಲುವೆ ರಸ್ತೆಯಲ್ಲಿ ಮುಮ್ತಾಜಳ ಗಾಲಿಯ ಹಿಂದೆ, ಒಂದು ಗೇಣಿನ ಅಂತರದಲ್ಲಿ, ಅವಳ ಚಪ್ಪಲಿಯ ಧೂಳು ತಿನ್ನುತ್ತ ಹೋಗಬಲ್ಲವಳಾದೆ. ಬೇರೆ ಇಳುಕಲುಗಳನ್ನು ಇಳಿದೆ. ಇಂಗಳೇಶ್ವರದ ಇಳುಕಲೊಂದು ಉಳಿಯಿತು. ದನಿ ಅಲ್ಲಿತ್ತು.

ತೊಗರಿಯ ಹಂಗಾಮು ಮತ್ತೆ ಬಂತು. ಅಪ್ಪ ಆ ವರ್ಷ ಹೊಲದಲ್ಲೇ ಕಣ ಮಾಡಿದ. ಉಳಿದವರು ಎಂದಿನಂತೆ ರಸ್ತೆಗೆ ಹರವಿದರು. ಆಯಿ ಆಗ ಒಂದು ಕೆಲಸ ಶುರು ಮಾಡಿದಳು. ಬೆಳಿಗ್ಗೆ ಕಸಬರಿಗೆ ಹಿಡಿದು ಇಳುಕಲಿನ ಬುಡಕ್ಕೆ ನಡೆದು ಹೋಗಿ, ಯಾರದೋ ರಾಶಿಯ ನಡುವೆ ಒಂದು ಸೈಕಲ್ ಹೋಗುವಷ್ಟು ಅಗಲದ ದಾರಿ ಗುಡಿಸುತ್ತಿದ್ದಳು. ಬಸ್ಸು ಬಂದು ಕಾಳು ಹೊಟ್ಟು ಮತ್ತೆ ಚೆದುರಿದರೆ ಮತ್ತೆ ಗುಡಿಸುತ್ತಿದ್ದಳು. ಪಕ್ಕದ ಹೊಲದವರು ಅಪ್ಪನ ಹತ್ತಿರ ದೂರಿದರು.

"ನಿಮ್ಮವ್ವಗ ಹೇಳಪಾ. ನಮ್ಮ ಕಾಳೆಲ್ಲ ಚರಂಡಿಗೆ ಹೊಂಟಾವ. ನಿಮ್ಮ ಹುಡುಗಿ ಅಂತೂ ಈ ಕಡೆ ಬರಾಂಗಿಲ್ಲ. ಯಾರಿಗಂತ ಗುಡಸ್ತಾಳು?"

ಅಪ್ಪ ಹೇಳಿದ. ಆಯಿ ತಲೆಯಾಡಿಸಿದಳು. ಮರುದಿನ ಕಸಬರಿಗೆ ತೆಗೆದುಕೊಂಡು ಹೋದಳು.

ಸಿಂದಗಿಯ ಆಯ್ಕೆಗೆ ಕೆಲವೇ ದಿನ ಉಳಿದಿದ್ದವು. ಪಿ.ಟಿ. ಸರ್ ಅಲ್ಲಿನ ದಾರಿ ನೋಡಿ ಬಂದು, ಒಂದು ದೊಡ್ಡ ತಗ್ಗು ಇದೆ, ಹೊಲದವರು ರಾಶಿ ಹಾಕಿರಬಹುದು ಎಂದು ಎಚ್ಚರಿಸಿದ್ದರು. ಆ ಬೆಳಿಗ್ಗೆ ನಾನು ಮುಮ್ತಾಜಳಿಗೂ ಹೇಳದೆ, ಬೇರೆ ದಾರಿಯಿಂದ ಸುತ್ತಿ ಇಂಗಳೇಶ್ವರದ ಕಡೆ ಹೋದೆ. ಮೇಲೆ ನಿಂತು ನೀರು ಕುಡಿದೆ. ಆಮೇಲೆ ಇಳಿದೆ. ಬನ್ನಿ ಗಿಡದ ತಿರುವಿನಲ್ಲಿ ಬುಡ ಕಾಣಿಸಿತು. ರಸ್ತೆಯ ಅಗಲಕ್ಕೆ ತೊಗರಿ. ನಡುವೆ ಆಯಿ ಗುಡಿಸಿದ ಕಪ್ಪು ಪಟ್ಟಿ, ತೊಳೆದಂತೆ ಸ್ವಚ್ಛ. ಪಟ್ಟಿಯ ಕೊನೆಗೆ, ರಸ್ತೆಯ ಬದಿಯಲ್ಲಿ ಕಸಬರಿಗೆ ಹಿಡಿದ ಆಯಿ. ನಾನು ಬರುವುದನ್ನು ಅವಳು ನೋಡಿದಳು. "ನಿಂದ್ರಽ" ಎಂಬ ದನಿ ಬಂತು, ಹಿಂದಿನಿಂದ, ಎಂದಿನಂತೆ. ಎದುರಿಗಿದ್ದ ಆಯಿಯ ಬಾಯಿ ಮುಚ್ಚಿತ್ತು. ಅದು ನನಗೆ ಸ್ಪಷ್ಟವಾಗಿ ಕಾಣಿಸುತ್ತಿತ್ತು.

ಪಟ್ಟಿಯ ಮೇಲೆ ಹೋಗಿದ್ದರೆ ಸುಲಭವಾಗಿ ದಾಟುತ್ತಿದ್ದೆ. ಅವಳು ಇನ್ನು ಗುಡಿಸಬೇಕಿಲ್ಲ ಎಂದು ಬಾಯಿಂದ ಹೇಳಿದರೆ ಕೇಳುವವಳಲ್ಲ. ಹ್ಯಾಂಡಲ್ ಸ್ವಲ್ಪ ಹೊರಳಿಸಿ ತೊಗರಿಯ ಮೇಲೆ ಬಿಟ್ಟೆ. ಕೈ ಸಡಿಲ ಇತ್ತು. ಕಾಯಿಗಳು ಒಡೆದವು, ಹಿಂದಿನ ಗಾಲಿ ಒಮ್ಮೆ ಅತ್ತಿತ್ತ ಆಡಿತು, ಸರಿಯಾಯಿತು. ಸೇತುವೆಯ ಮೇಲೆ ಬಂದು ನಿಂತು ತಿರುಗಿ ನೋಡಿದೆ.

ಆಯಿ ನನ್ನ ಕಡೆ ಬೆನ್ನು ಮಾಡಿ ನಿಂತಿದ್ದಳು. ಕಸಬರಿಗೆ ಕಾಲ ಹತ್ತಿರ ಬಿದ್ದಿತ್ತು. ಸೆರಗನ್ನು ಮುದ್ದೆ ಮಾಡಿ ಎರಡೂ ಕೈಯಿಂದ ಬಾಯಿಗೆ ಒತ್ತಿಕೊಂಡಿದ್ದಳು. ಹತ್ತಿರ ಹೋದೆ.

"ಆಯಿ, ದಾಟಿದ್ನಿ. ನೋಡಿದಿಲ್ಲೋ?"

ಅವಳು ಬಾಯಿಯಿಂದ ಸೆರಗು ತೆಗೆದಳು.

"ಇಲ್ಲವ್ವ. ನೋಡಿದ್ರ ಒದರತಿದ್ನಿ."

ಬಾಗಿ ಕಸಬರಿಗೆ ಎತ್ತಿಕೊಂಡಳು. ನನ್ನ ಗಾಲಿ ಪಟ್ಟಿಯ ಮೇಲೆ ಚೆದುರಿಸಿದ್ದ ಕಾಳನ್ನು ಗುಡಿಸಿ ಬದಿಗೆ ಹಾಕಿದಳು.

ಸಿಂದಗಿಯಲ್ಲಿ ಮುಮ್ತಾಜ್ ಮೊದಲನೆಯವಳಾಗಿ ಮುಗಿಸಿದಳು, ನಾನು ಅವಳ ಗಾಲಿಯ ಹಿಂದೆ ಎರಡನೆಯವಳಾಗಿ. ಪಿ.ಟಿ. ಸರ್ ಹೇಳಿದ ತಗ್ಗಿನಲ್ಲಿ ರಾಶಿ ಇರಲಿಲ್ಲ. ಇಬ್ಬರಿಗೂ ನಿಲಯದಲ್ಲಿ ಜಾಗ ಸಿಕ್ಕಿತು. ನಾವು ಹೊರಡುವ ದಿನ ಅವಳ ತಂದೆ ನಮ್ಮ ಟ್ರಂಕುಗಳನ್ನು ಉಳ್ಳಾಗಡ್ಡಿ ಲಾರಿಯಲ್ಲಿ ಹಾಕಿ ಕಳಿಸಿದರು. ಟ್ರಂಕಿನ ಬಟ್ಟೆಗಳು ಬಹಳ ದಿನ ಆ ವಾಸನೆ ಹೊಡೆದವು. ಮುಂದೆ ಇಂಡಿಯಲ್ಲಿ, ನಿಂಬೆ ತೋಟಗಳ ನಡುವಿನ ರಸ್ತೆಯಲ್ಲಿ ನಡೆದ ಸ್ಪರ್ಧೆಯಲ್ಲಿ ನಾನು ಮೊದಲ ಸಲ ಗೆದ್ದೆ. ಮನೆಗೆ ತಂದ ಕಪ್ಪನ್ನು ಅವ್ವ ಪಡಸಾಲೆಯ ಗೂಡಿನಲ್ಲಿಟ್ಟಳು. ಆಯಿ ಅದನ್ನು ಕೈಯಲ್ಲಿ ಹಿಡಿದು ನೋಡಿ, ಹಗುರೈತಿ ಎಂದಳು.

ಆಯಿ ಗುಡಿಸುವುದನ್ನು ನಿಲ್ಲಿಸಲಿಲ್ಲ. ನಾನು ಊರಿನಲ್ಲಿ ಇರಲಿ, ಇಲ್ಲದಿರಲಿ, ಪ್ರತಿ ಹಂಗಾಮಿನಲ್ಲಿ ಹೋಗುತ್ತಿದ್ದಳು. ಪಕ್ಕದ ಹೊಲದವರು ಮೊದಲು ಬೈದರು, ಆಮೇಲೆ ರಾಶಿ ಹಾಕುವಾಗಲೇ ನಡುವೆ ಅಷ್ಟು ಜಾಗ ಬಿಡತೊಡಗಿದರು. ಬಿಟ್ಟ ಜಾಗವನ್ನೂ ಅವಳು ಗುಡಿಸುತ್ತಿದ್ದಳು. ಕೊನೆಯ ವರ್ಷಗಳಲ್ಲಿ ಅಷ್ಟು ದೂರ ನಡೆಯಲು ಆಗುತ್ತಿರಲಿಲ್ಲ, ಹೆಸರುಗಳೂ ನೆನಪಿರುತ್ತಿರಲಿಲ್ಲ. ಆಗ ಅವಳು ಪಡಸಾಲೆಯಲ್ಲಿ ತನ್ನ ಹಾಸಿಗೆಯಿಂದ ಬಾಗಿಲಿನವರೆಗೆ ಒಂದು ಪಟ್ಟಿ ಗುಡಿಸುತ್ತಿದ್ದಳು. ಅದರ ಆಚೆ ಈಚೆ ಮುಟ್ಟುತ್ತಿರಲಿಲ್ಲ. ಅವ್ವ ಉಳಿದ ನೆಲವನ್ನು ಗುಡಿಸುವಾಗ ಆ ಪಟ್ಟಿಯನ್ನು ಬಿಟ್ಟು ಗುಡಿಸುತ್ತಿದ್ದಳು. ನಾನು ಬಿಜಾಪುರದಿಂದ ಬಂದಾಗ ಸೈಕಲ್ಲನ್ನು ಅದರ ಮೇಲೆ ತಳ್ಳಿಕೊಂಡು ಒಳಗೆ ಬರುತ್ತಿದ್ದೆ. ಆಯಿ ಗೋಡೆಯ ಕಡೆ ಮುಖ ಮಾಡುತ್ತಿದ್ದಳು.

ಅವಳು ತೀರಿಕೊಂಡಾಗ ನಾನು ಬೇರೆ ರಾಜ್ಯದಲ್ಲಿ ಸ್ಪರ್ಧೆಯಲ್ಲಿದ್ದೆ. ಮಣ್ಣಿಗೆ ಬರಲಾಗಲಿಲ್ಲ.

ಮುಮ್ತಾಜ್ ಈಗ ಮುದ್ದೇಬಿಹಾಳದ ಹತ್ತಿರ ಶಾಲೆಯೊಂದರಲ್ಲಿ ಪಿ.ಟಿ. ಶಿಕ್ಷಕಿ. ನಾನು ಪತ್ರಿಕೆಯ ಕೆಲಸದಿಂದ ನಿವೃತ್ತಳಾಗಿದ್ದೇನೆ. ತಿಂಗಳಿಗೊಮ್ಮೆ ಇಬ್ಬರೂ ಸೈಕಲ್ ತೆಗೆಯುತ್ತೇವೆ. ಹಿಂದಿನ ದನಿ ಈಗಲೂ ಕೆಲವು ಸಲ ಬರುತ್ತದೆ, ಮೊದಲಿಗಿಂತ ದೂರದಿಂದ. ಹೋದ ಹಂಗಾಮಿನಲ್ಲಿ ಇಂಗಳೇಶ್ವರದ ಇಳುಕಲನ್ನು ಇಳಿದೆವು, ಅವಳು ಮುಂದೆ, ನಾನು ಹಿಂದೆ. ಬನ್ನಿ ಗಿಡವನ್ನು ರಸ್ತೆ ಅಗಲ ಮಾಡುವಾಗ ಕಡಿದಿದ್ದಾರೆ. ಬುಡದಲ್ಲಿ ತೊಗರಿ ಹರವಿದ್ದರು. ನಡುವೆ ಯಾರೂ ದಾರಿ ಬಿಟ್ಟಿರಲಿಲ್ಲ.